ಖಂಡಸ್ಫುಟಿತ ಜೀರ್ಣೋದ್ಧಾರ

ಸಂಸ್ಕೃತದ ಕೋಶಕಾರರು ‘ದ್ವಿಜ’ ಎಂಬ ಶಬ್ದಕ್ಕೆ ಮೂರು ಅರ್ಥಗಳನ್ನು ಕೊಟ್ಟಿದ್ದಾರೆ: ಸಂಸ್ಕಾರವನ್ನು ಪಡೆದ ವಿಪ್ರ, ಮೊಟ್ಟೆಯನ್ನೊಡೆದು ಬಂದ ಹಕ್ಕಿ, ಮತ್ತು ಹಲ್ಲು. ಮೊದಲಿನ ಎರಡರ ದ್ವಿಜತ್ವವನ್ನು ಕುರಿತು ಶಾಸ್ತ್ರಕಾರರೂ ಕವಿಗಳೂ ಬೇಕಾದಷ್ಟು ಬರೆದಿರುವರು. ಮೂರನೆಯದು ಮಾತ್ರ, ಅನುದಿನವೂ ನಮ್ಮ ಬಾಯೊಳಗೇ ನಿಂತು ಅನ್ನವನ್ನು ಅರೆದು, ಉಚ್ಚಾರವನ್ನು ತಿದ್ದಿ, ನಗೆಗೆ ಬೆಳಕನ್ನಿತ್ತು ಸೇವೆಗೈಯುತ್ತಿದ್ದರೂ, ನೋವು ಬರುವ ತನಕ ಯಾರ ಚಿಂತನೆಗೂ ವಿಷಯವಾಗುವುದಿಲ್ಲ. ಹಾಲುಹಲ್ಲಾಗಿ ಒಮ್ಮೆ, ಉಳಿಯುವ ಹಲ್ಲಾಗಿ ಮತ್ತೊಮ್ಮೆ ಹುಟ್ಟುವ ಈ ದ್ವಿಜನಿಗೆ ಮೂರನೆಯ ಜನ್ಮವಿಲ್ಲ. ಆದಕಾರಣ ಎರಡನೆಯ ಜನ್ಮದಲ್ಲಿ ಕೆಟ್ಟದ್ದು ಮತ್ತೆ ನೆಟ್ಟಗಾದೀತೆ ಎಂಬ ಪ್ರಶ್ನೆ ಹಲ್ಲಿನ ಮಟ್ಟಿಗೆ ಬಹು ನಿಷ್ಠುರವಾದ ಪ್ರಶ್ನೆ. ತಾನು ಮಾಡಿದ ಕೆಡಕು ಅಳಿದೀತೆ ಎಂದು ಧರ್ಮಶಾಸ್ತ್ರದ ಬಾಗಿಲಲ್ಲಿ ನಿಂತು ಕೇಳುವ ಮನುಷ್ಯನದೂ ಇದೇ ಪ್ರಶ್ನೆಯೆಂಬುದು ನನಗೆ ಹೊಳೆದದ್ದು ಯಾವ ಮಠದಲ್ಲಿಯೂ ಅಲ್ಲ, ರಾಣೆಬೆನ್ನೂರಿನ ಒಬ್ಬ ದಂತವೈದ್ಯೆಯ ಕೋಣೆಯಲ್ಲಿ.

ನಮ್ಮದು ಬ್ಯಾಡಗಿಗೆ ಸಮೀಪದ ಹಳ್ಳಿ. ಮಾಘ ಫಾಲ್ಗುಣಗಳಲ್ಲಿ ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯ ಚೀಲಗಳು ಬಂದು ಬೀಳತೊಡಗಿದವೆಂದರೆ, ಕೊಳ್ಳುವವನೂ ಮಾರುವವನೂ ಹಮಾಲನೂ ಒಂದೇ ಸಮನೆ ಸೀನುತ್ತ ಕೆಮ್ಮುತ್ತ ವ್ಯವಹಾರ ನಡೆಸುವ ಆ ಕೆಂಪು ಲೋಕದಲ್ಲಿ ನಾನೂ ವರ್ಷಕ್ಕೆ ನಾಲ್ಕಾರು ದಿನ ಇರತಕ್ಕವನು. ಪೇಟೆಗೆ ಹೋದ ಅಜ್ಜ ಬರಿಗೈಯಲ್ಲಿ ಮನೆಗೆ ಮರಳಬಾರದೆಂಬುದು ನಮ್ಮ ಸೀಮೆಯ ಅಲಿಖಿತ ಶಾಸನವಾದ್ದರಿಂದ, ಪೆಪ್ಪರಮೆಂಟು, ಬೆಂಡು ಬತ್ತಾಸು, ಹೊಸ ಕಾಲದ ಚಾಕಲೇಟು ಇವುಗಳ ಪೊಟ್ಟಣವೊಂದು ನನ್ನ ಅಂಗಿಯ ಕಿಸೆಯಲ್ಲಿ ತಪ್ಪದೆ ಇರುತ್ತಿತ್ತು. ಒಂಬತ್ತು ವರ್ಷದ ಮೊಮ್ಮಗನು ಅದರಲ್ಲೊಂದನ್ನು ದವಡೆಯಲ್ಲಿ ಒತ್ತಿಟ್ಟುಕೊಂಡೇ ನಿದ್ದೆಹೋಗುತ್ತಿದ್ದನು. ಬ್ಯಾಡಗಿಯ ಮೆಣಸಿನಕಾಯಿಯ ಸ್ವಭಾವ ಲೋಕಪ್ರಸಿದ್ಧವಾದದ್ದು: ನೋಟಕ್ಕೆ ಕಡುಗೆಂಪು, ರುಚಿಗೆ ಸೌಮ್ಯ, ಈ ಗುಣಕ್ಕಾಗಿಯೇ 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರಕಿತು. ಪೇಟೆಯವರನ್ನೆಲ್ಲ ಅಳಿಸುವ ಆ ಕಾಯಿ ಯಾರ ಹಲ್ಲನ್ನೂ ಕೊರೆಯಲಿಲ್ಲ. ಯಾರನ್ನೂ ಅಳಿಸದ ಸಕ್ಕರೆ ಕೊರೆಯಿತು. ಪ್ರೇಯಸ್ಸು ಬೇರೆ, ಶ್ರೇಯಸ್ಸು ಬೇರೆ ಎಂದು ಯಮನು ನಚಿಕೇತನಿಗೆ ಹೇಳಿದ ವಿವೇಕವನ್ನು ನಾನು ಕಠೋಪನಿಷತ್ತಿನಲ್ಲಿ ಓದಿದ್ದೆನೇ ಹೊರತು ಕಿಸೆಯಲ್ಲಿ ಇಟ್ಟುಕೊಂಡಿರಲಿಲ್ಲ.

ಹುಡುಗನ ಮುಂದಿನ ಹಲ್ಲಿನ ಬುಡದಲ್ಲಿ ಸುಣ್ಣದ ಬೊಟ್ಟಿಟ್ಟಂತೆ ಒಂದು ಬಿಳಿಯ ಕಲೆ ಕಾಣಿಸಿಕೊಂಡಿತು. ಕೆಟ್ಟ ಭಾಗವನ್ನು ಕೆತ್ತಿ ಸಿಮೆಂಟು ತುಂಬುವರೆಂದೇ ಭಾವಿಸಿ ಅವನನ್ನು ಸಮಾಧಾನಪಡಿಸುತ್ತ ರಾಣೆಬೆನ್ನೂರಿಗೆ ಕರೆದೊಯ್ದೆ. ವೈದ್ಯೆ ಹಲ್ಲನ್ನು ಒರಸಿ ಒಣಗಿಸಿ, ದೀಪವನ್ನು ವಾರೆಯಾಗಿ ಹಿಡಿದು ಬಹಳ ಹೊತ್ತು ನೋಡಿ, “ಅಜ್ಜಾರ, ಇದು ಇನ್ನೂ ಹುಳುಕು ಹಲ್ಲ ಆಗಿಲ್ಲರಿ. ಮ್ಯಾಲೆ ಗಟ್ಟಿ ಐತಿ, ಒಳಗ ಪೊಳ್ಳ ಆಗೇತಿ. ಈಗ ಸೂಜಿ ಹಾಕಿ ಚುಚ್ಚಿದ್ರ ತೂತು ಬೀಳ್ತೈತಿ, ಚುಚ್ಚಲಾರದ ಔಷಧ ಹಚ್ಚಿದ್ರ ತಾನ ಗಟ್ಟಿ ಆಗ್ತೈತಿ” ಎಂದರು. ಬಳಿಕ ಸಣ್ಣ ಕುಂಚದಿಂದ ಹಳದಿ ಬಣ್ಣದ ಅಂಟು ವಾರ್ನಿಶ್ಶೊಂದನ್ನು ತೆಳ್ಳಗೆ ಲೇಪಿಸಿ, ಆ ರಾತ್ರಿ ಹಲ್ಲುಜ್ಜಬಾರದು, ಗಟ್ಟಿಯಾದುದನ್ನು ಕಡಿಯಬಾರದು, ಮರುದಿನದಿಂದ ಎರಡು ಹೊತ್ತು ಫ್ಲೋರೈಡಿನ ಪೇಸ್ಟಿನಿಂದ ಉಜ್ಜಿ, ಉಗುಳಿದ ಮೇಲೆ ನೀರು ಹಾಕಿ ಮುಕ್ಕಳಿಸದೆ ಹಾಗೆಯೇ ಬಿಡಬೇಕು, ಮೂರು ತಿಂಗಳಿಗೆ ಮತ್ತೆ ಬರಬೇಕು ಎಂದು ಕಟ್ಟಳೆ ವಿಧಿಸಿದರು. ವ್ರತಕ್ಕೆ ನಿಯಮ ಹೇಳುವಂತೆ ಹೇಳಿದ ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ತಾನಾಗಿಯೇ ಗಟ್ಟಿಯಾಗುವುದೆಂದರೆ ಹೇಗೆ? ನಿರ್ಜೀವವಾದ ವಸ್ತು ತನ್ನನ್ನು ತಾನು ಹೇಗೆ ತಿದ್ದಿಕೊಂಡೀತು?

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ಶರೀರದಲ್ಲೆಲ್ಲ ಅತ್ಯಂತ ಕಠಿಣವಾದ ಪದಾರ್ಥ. ತೂಕದಲ್ಲಿ ನೂರಕ್ಕೆ 96 ಪಾಲು ಅದು ಖನಿಜವೇ. ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳು ಸೇರಿ ಕಟ್ಟಿದ ಹೈಡ್ರಾಕ್ಸಿಅಪಟೈಟ್ ಎಂಬ ಹರಳುಗಳ ದಟ್ಟಣೆ. ಮುರಿದ ಎಲುಬು ಕೂಡುತ್ತದೆ, ಗಾಯವಾದ ಚರ್ಮ ಮಾಯುತ್ತದೆ, ಅವುಗಳೊಳಗೆ ಜೀವಕೋಶಗಳಿವೆ. ಎನಾಮಲ್ಲನ್ನು ರಚಿಸಿದ ಜೀವಕೋಶಗಳಾದರೋ ಹಲ್ಲು ಒಸಡನ್ನು ಸೀಳಿಕೊಂಡು ಬಾಯಿಗೆ ಬರುವ ಹೊತ್ತಿಗೆ ತಮ್ಮ ಕೆಲಸ ತೀರಿಸಿ ಇಲ್ಲವಾಗಿರುತ್ತವೆ. ಗುಡಿಯನ್ನು ಕಟ್ಟಿ ಮುಗಿಸಿದ ಶಿಲ್ಪಿಗಳು ಕಳಸಾರೋಹಣದ ದಿನವೇ ನಿರ್ವಂಶರಾದಂತೆ! ಇಂಥ ಕಲ್ಲಿನ ಮೇಲೆ ಅಂಟಿಕೊಂಡ ಸೂಕ್ಷ್ಮಾಣುಗಳು ಸಕ್ಕರೆಯನ್ನು ಉಂಡು ಆಮ್ಲವನ್ನು ಕಾರುತ್ತವೆ. ಆಮ್ಲದ ಅಳತೆಗೋಲಾದ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹರಳುಗಳು ಕರಗತೊಡಗುತ್ತವೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಈ ಇಳಿತ ಆಗುವುದೆಂದೂ, ಮತ್ತೆ ಮೇಲೇರಲು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಹಿಡಿಯುವುದೆಂದೂ ಸ್ಟೀಫನ್ ಎಂಬ ವಿಜ್ಞಾನಿ 1940ರ ದಶಕದಲ್ಲಿಯೇ ತೋರಿಸಿಕೊಟ್ಟನು. ಎಷ್ಟು ತಿಂದೆವೆಂಬುದಕ್ಕಿಂತ ಎಷ್ಟು ಸಲ ತಿಂದೆವೆಂಬುದೇ ಹೆಚ್ಚಿನ ಅಪರಾಧವೆಂದು ಇದರಿಂದ ಸಿದ್ಧವಾಗುತ್ತದೆ.

ಮೇಲೇರಿಸುವುದು ಯಾವುದು? ನಾವು ತುಚ್ಛವೆಂದು ಎಣಿಸುವ ಜೊಲ್ಲು. ಅದು ಆಮ್ಲವನ್ನು ತಣಿಸುವುದಲ್ಲದೆ, ತನ್ನಲ್ಲಿ ಕರಗಿ ತುಂಬಿರುವ ಕ್ಯಾಲ್ಸಿಯಂ ಫಾಸ್ಫೇಟುಗಳನ್ನು ಹಲ್ಲಿಗೆ ಮರಳಿಸುತ್ತದೆ. ಕರಗುವುದೂ ಕೂಡುವುದೂ ಪೇಟೆಯ ಕಿರ್ದಿಯಲ್ಲಿನ ಜಮಾ ಖರ್ಚಿನಂತೆ ದಿನವೂ ನಡೆದೇ ಇರುತ್ತವೆ. ಖರ್ಚು ಮೇಲಾದ ಹಲ್ಲಿನಲ್ಲಿ ಬಿಳಿಯ ಕಲೆ ಮೂಡುತ್ತದೆ. ಈ ಹಂತದಲ್ಲಿ ಮೇಲ್ಪೊರೆ ಬಹುಮಟ್ಟಿಗೆ ಉಳಿದಿದ್ದು ಅದರ ಕೆಳಗಿನ ಭಾಗ ಮಾತ್ರ ಸವೆದು ಸಚ್ಛಿದ್ರವಾಗಿರುತ್ತದೆ. ಆಗ ಫ್ಲೋರೈಡು ದೊರೆತರೆ, ಅರ್ಧ ಕರಗಿ ಉಳಿದ ಹರಳುಗಳನ್ನೇ ಬೀಜವಾಗಿ ಹಿಡಿದು ಖನಿಜವು ಮತ್ತೆ ಬೆಳೆಯುತ್ತದೆ. ಹಾಗೆ ಬೆಳೆದ ಫ್ಲೋರೈಡುಯುಕ್ತವಾದ ಹರಳು ಮೊದಲಿನದಕ್ಕಿಂತ ಬಲಿಷ್ಠವಾಗಿದ್ದು, ಪಿಎಚ್ 4.5ರ ಸಮೀಪದವರೆಗೂ ಆಮ್ಲವನ್ನು ತಡೆದುಕೊಳ್ಳಬಲ್ಲುದು. ನಿತ್ಯದ ಪೇಸ್ಟಿನಲ್ಲಿ ದಶಲಕ್ಷಕ್ಕೆ 1000ದಿಂದ 1500 ಭಾಗದಷ್ಟು ಇರುವ ಫ್ಲೋರೈಡು ವೈದ್ಯರು ಲೇಪಿಸುವ ಶೇಕಡಾ 5ರ ಸೋಡಿಯಂ ಫ್ಲೋರೈಡ್ ವಾರ್ನಿಶ್ಶಿನಲ್ಲಿ 22,600 ಭಾಗದಷ್ಟಿರುತ್ತದೆ. ಹಾಲಿನ ಕೇಸೀನಿನಿಂದ ತೆಗೆದ ಅಂಶದಲ್ಲಿ ಕ್ಯಾಲ್ಸಿಯಂ ಫಾಸ್ಫೇಟನ್ನು ಹೊಂದಿಸಿ ಹಲ್ಲಿಗೆ ಒದಗಿಸುವ ಲೇಪವನ್ನು ಮೆಲ್ಬರ್ನ್ ವಿಶ್ವವಿದ್ಯಾಲಯದ ಎರಿಕ್ ರೆನಾಲ್ಡ್ಸ್ ಮತ್ತವರ ಸಂಗಡಿಗರು ಸಿದ್ಧಪಡಿಸಿದರು. ಹಲ್ಲಿನ ಹರಳನ್ನೇ ಅತಿಸೂಕ್ಷ್ಮವಾಗಿ ತಯಾರಿಸಿ ಬೆರೆಸಿದ ಪೇಸ್ಟುಗಳೂ ಬಂದಿವೆ. ಉಪಾಯ ಯಾವುದಾದರೂ ಎಲ್ಲೆ ಒಂದೇ: ಮೇಲ್ಪೊರೆ ಮುರಿದು ಕುಳಿ ಬಿದ್ದ ಮೇಲೆ ಯಾವ ಲೇಪವೂ ಅದನ್ನು ತುಂಬಲಾರದು.

ಅತಿಯಾದರೆ ಫ್ಲೋರೈಡೆಂಬ ಈ ರಕ್ಷಕನೇ ಭಕ್ಷಕನಾಗುವನೆಂಬುದನ್ನು ನಮ್ಮ ಬಯಲುಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಲರಾಡೋ ಸ್ಪ್ರಿಂಗ್ಸ್ ಎಂಬ ಅಮೆರಿಕದ ಪಟ್ಟಣಕ್ಕೆ 1901ರಲ್ಲಿ ಬಂದು ನೆಲಸಿದ ಮೆಕೇ ಎಂಬ ದಂತವೈದ್ಯನು ಅಲ್ಲಿಯ ಜನರ ಹಲ್ಲುಗಳ ಮೇಲಿನ ಕಂದು ಕಲೆಯ ಕಾರಣವನ್ನು ಹುಡುಕುತ್ತ ಮೂವತ್ತು ವರ್ಷ ಕಳೆದನು. ನೀರಿನಲ್ಲಿಯ ಫ್ಲೋರೈಡೇ ಅದಕ್ಕೆ ಕಾರಣವೆಂದು 1931ರಲ್ಲಿ ತಿಳಿಯಿತು. ಕಲೆಯಾದ ಆ ಹಲ್ಲುಗಳೇ ಹುಳುಕಿಗೆ ಸುಲಭವಾಗಿ ಬಗ್ಗುವುದಿಲ್ಲವೆಂಬ ವಿಚಿತ್ರವೂ ಆ ಶೋಧದಲ್ಲಿಯೇ ಬೆಳಕಿಗೆ ಬಂದಿತು. 1937ರಲ್ಲಿ ನೆಲ್ಲೂರಿನ ಸೀಮೆಯಿಂದ ವರದಿಯಾದ ಫ್ಲೋರೋಸಿಸ್ ನಮ್ಮ ನೆರೆಯ ಗದಗ ಜಿಲ್ಲೆಯ ಮುಂಡರಗಿಯ ಕಡೆಯೂ ಹಲ್ಲುಗಳನ್ನು ಕಂದಿಸಿ ಎಲುಬುಗಳನ್ನು ಬಾಗಿಸಿದೆ. ಲೀಟರಿಗೆ 1.5 ಮಿಲಿಗ್ರಾಮನ್ನು ದಾಟಿದ ನೀರು ಕುಡಿಯಲು ತಕ್ಕದ್ದಲ್ಲವೆಂದು ನಿಯಮವಿದೆ. ಬೋರಿನ ಆಳದಿಂದ ಹೊಟ್ಟೆಗಿಳಿದರೆ ವಿಷ, ಹಲ್ಲಿನ ಮೇಲೆ ಹಚ್ಚಿದರೆ ಔಷಧ; ದ್ರವ್ಯದಲ್ಲಿ ಗುಣದೋಷಗಳಿಲ್ಲ, ಮಾತ್ರೆಯಲ್ಲಿಯೂ ಸ್ಥಾನದಲ್ಲಿಯೂ ಇವೆ. ಪಶ್ಚಾತ್ತಾಪಕ್ಕೂ ಇದು ಸಲ್ಲುವ ಮಾತು: ಹದವಾಗಿ ಲೇಪಿಸಿದರೆ ತಪ್ಪನ್ನು ತಿದ್ದುವ ಪಶ್ಚಾತ್ತಾಪವು ಹೊಟ್ಟೆತುಂಬ ಕುಡಿದವನ ಬೆನ್ನೆಲುಬನ್ನು ಬಾಗಿಸದೆ ಬಿಡದು.

ಇಷ್ಟು ತಿಳಿದ ಮೇಲೆ ನನ್ನ ಮೊದಲಿನ ಪ್ರಶ್ನೆಗೆ ಉತ್ತರವು ನಮ್ಮ ನಾಡಿನದೇ ಆದ ಎರಡು ಶಬ್ದಗಳಲ್ಲಿ ದೊರೆಯಿತೆನ್ನಬೇಕು: ಸ್ಥಾವರ ಮತ್ತು ಜಂಗಮ. ನಿಂತದ್ದು ಅಳಿಯುವುದೆಂದೂ ಚಲಿಸುವುದಕ್ಕೆ ಅಳಿವಿಲ್ಲವೆಂದೂ ಬಸವಣ್ಣನವರು ಕಂಡ ಕಾಣ್ಕೆಯನ್ನು ಕೇಳದ ಮನೆ ಈ ಸೀಮೆಯಲ್ಲಿ ಇಲ್ಲ. ಎನಾಮಲ್ ಸ್ಥಾವರ, ಜೊಲ್ಲು ಜಂಗಮ. ಆ ಕಲ್ಲು ಎಪ್ಪತ್ತು ಎಂಬತ್ತು ವರ್ಷ ಬಾಳಿದರೆ ಅದು ತನ್ನ ಕಾಠಿಣ್ಯದಿಂದಲ್ಲ, ತನ್ನ ಸುತ್ತ ಎಡೆಬಿಡದೆ ಹರಿಯುವ, ರೂಪವಿಲ್ಲದ, ಯಾರೂ ಗೌರವಿಸದ ಒಂದು ದ್ರವದ ದಾಸೋಹದಿಂದ. ಹಲ್ಲು ತನ್ನನ್ನು ತಾನು ತಿದ್ದಿಕೊಳ್ಳುತ್ತದೆಂಬುದು ಲೌಕಿಕದ ಮಾತು. ಸ್ಥಾವರವನ್ನು ಜಂಗಮ ತಿದ್ದುತ್ತದೆಂಬುದು ದಿಟ. ಹುಡುಗನ ಬಾಯಿಗೆ ರಾತ್ರಿಯೆಲ್ಲ ಬೆಲ್ಲ ಸಕ್ಕರೆಗಳನ್ನು ಕೊಟ್ಟ ನಾನು ಆ ಜಂಗಮದ ಜೋಳಿಗೆಯನ್ನು ಕಸಿದುಕೊಂಡಿದ್ದೆ. ನಿದ್ದೆಯಲ್ಲಿ ಜೊಲ್ಲಿನ ಹರಿವು ತೀರ ಕಡಿಮೆಯಾಗುತ್ತದೆಂಬುದು ನನಗೆ ತಿಳಿದಿರಲಿಲ್ಲ.

ತಿಳಿದಿರಲಿಲ್ಲವೆಂದರೆ ಬಿಡುಗಡೆಯಾಯಿತೆ? ಇಲ್ಲಿ ಧರ್ಮಶಾಸ್ತ್ರದ ಹಳೆಯದೊಂದು ಜಿಗುಟು ಎದುರಾಗುತ್ತದೆ. ಮಾಡಿದ ಕರ್ಮ ಫಲಕೊಡದೆ ನಾಶವಾಗುವುದನ್ನು ಕೃತಹಾನಿಯೆಂದೂ, ಮಾಡದ ಕರ್ಮದ ಫಲ ಮೇಲೆ ಬಂದು ಬೀಳುವುದನ್ನು ಅಕೃತಾಭ್ಯಾಗಮವೆಂದೂ ದಾರ್ಶನಿಕರು ಕರೆದು, ಇವೆರಡೂ ಸಂಭವಿಸುವ ಸಿದ್ಧಾಂತವನ್ನು ದೋಷಯುಕ್ತವೆಂದು ತಳ್ಳಿದರು. ಹಾಗಾದರೆ ಪ್ರಾಯಶ್ಚಿತ್ತದಿಂದ ಪಾಪ ಹೋಗುವುದೆಂದರೆ ಕೃತಹಾನಿಯಾಗಲಿಲ್ಲವೆ? ಅಜ್ಜ ಕೊಟ್ಟ ಸಿಹಿಯ ಫಲವನ್ನು ಮೊಮ್ಮಗ ಉಣ್ಣುವುದೆಂದರೆ ಅಕೃತಾಭ್ಯಾಗಮವಾಗಲಿಲ್ಲವೆ? ಮೊದಲನೆಯದಕ್ಕೆ ಹಲ್ಲು ಕೊಡುವ ಸಮಾಧಾನ ನನಗೆ ಒಪ್ಪಿಗೆಯಾಗಿದೆ. ಆಮ್ಲ ಮಾಡಿದ ಕೆಲಸ ರದ್ದಾಗಲಿಲ್ಲ. ಹೋದ ಕ್ಯಾಲ್ಸಿಯಂ ಹೋಗಿಯೇ ಹೋಯಿತು, ಕಲೆ ಎಂಬ ಫಲವನ್ನೂ ಕೊಟ್ಟಿತು. ಅನಂತರ ಬೇರೊಂದು ಕರ್ಮ ನಡೆದು, ಬೇರೆ ಖನಿಜ ಬಂದು, ಆ ಬರಿದಾದ ಎಡೆಯಲ್ಲಿ ಕೂತು, ತನ್ನ ಫಲವನ್ನು ತಾನು ಕೊಟ್ಟಿತು. ಪ್ರಾಯಶ್ಚಿತ್ತವು ಬರೆದುದನ್ನು ಅಳಿಸುವ ಕೈಯಲ್ಲ, ಅದರ ಕೆಳಗೆ ಮುಂದಿನ ಸಾಲನ್ನು ಬರೆಯುವ ಕೈ. ಎರಡನೆಯ ಪ್ರಶ್ನೆಗೆ ಮಾತ್ರ ಯಾವ ಹರಳಿನಲ್ಲಿಯೂ ಉತ್ತರ ಕಾಣದೆ ನಾನು ಬಹುದಿನ ತೊಳಲಿದೆ.

ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಪ್ರಾಯಶ್ಚಿತ್ತದ ವಿಷಯದಲ್ಲಿ ಒಂದು ಸೂಕ್ಷ್ಮವಾದ ಗೆರೆಯನ್ನು ಎಳೆದಿದ್ದಾನೆ. ಅರಿಯದೆ ಮಾಡಿದ ಪಾಪವು ಪ್ರಾಯಶ್ಚಿತ್ತದಿಂದ ತೊಲಗುತ್ತದೆ. ಅರಿತು ಬೇಕೆಂದೇ ಮಾಡಿದ ಘೋರಪಾಪವಾದರೋ ತೊಲಗುವುದಿಲ್ಲ, ಪ್ರಾಯಶ್ಚಿತ್ತ ಮಾಡಿಕೊಂಡವನು ಜನರೊಡನೆ ಕೂಡಿ ಬಾಳಲು ತಕ್ಕವನಾಗುವನು, ಅಂದರೆ ವ್ಯವಹಾರ್ಯನಾಗುವನು, ಅಷ್ಟೆ. ಪಾಪಕ್ಕೆ ನರಕವನ್ನು ತರುವ ಶಕ್ತಿಯೊಂದು, ಸಮಾಜದಿಂದ ಹೊರಗಿಡುವ ಶಕ್ತಿಯೊಂದು ಎಂದು ಎರಡು ಶಕ್ತಿಗಳುಂಟೆಂಬುದು ಆತನ ವಿವೇಚನೆ. ಬಿಳಿಯ ಕಲೆಗೂ ಕುಳಿಬಿದ್ದ ಹಲ್ಲಿಗೂ ಇರುವ ಅಂತರ ಇದೇ ಅಲ್ಲವೆ? ಮೊದಲನೆಯದರಲ್ಲಿ ಹಲ್ಲು ತನ್ನದೇ ದ್ರವ್ಯದಿಂದ ಮತ್ತೆ ತಾನಾಗುತ್ತದೆ. ಎರಡನೆಯದರಲ್ಲಿ ಕೊಳೆತುದನ್ನು ಕೆತ್ತಿ ತೆಗೆದು ಪರದ್ರವ್ಯವನ್ನು ತುಂಬುತ್ತಾರೆ. ಹಲ್ಲು ರೊಟ್ಟಿ ಅಗಿಯಲು ತಕ್ಕದ್ದಾಗುತ್ತದೆ, ವ್ಯವಹಾರ್ಯವಾಗುತ್ತದೆ, ಆದರೆ ಹಿಂದಿನ ಹಲ್ಲಾಗುವುದಿಲ್ಲ. ಗುಟಕಾದ ಚೀಟಿಯ ಮೇಲಿನ ಎಚ್ಚರಿಕೆಯನ್ನು ಓದಿಯೇ ಅದನ್ನು ಹರಿದು ಬಾಯಿಗೆ ಸುರಿದುಕೊಳ್ಳುವ ನಮ್ಮ ತರುಣರು ವಿಜ್ಞಾನೇಶ್ವರನ ಈ ಎರಡನೆಯ ವರ್ಗಕ್ಕೆ ತಮ್ಮನ್ನು ತಾವೇ ಸೇರಿಸಿಕೊಳ್ಳುತ್ತಿರುವುದನ್ನು ಕಂಡಾಗ ಮನಸ್ಸು ನೊಯ್ಯುತ್ತದೆ.

ಚುಚ್ಚಬಾರದೆಂದು ವೈದ್ಯೆ ಹೇಳಿದ ಮಾತಿಗೆ ಮತ್ತೆ ಬರುತ್ತೇನೆ. ತುಂಗಭದ್ರೆಯ ದಡದಲ್ಲಿ, ಇದೇ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಚೌಡಯ್ಯದಾನಪುರವಿದೆ. ಒಳಗೆ ಪೊಳ್ಳಾಗಿ ಹೊರಗೆ ಗಟ್ಟಿಯಾಗಿ ತೋರುವವರನ್ನು ಆ ನಿಷ್ಠುರ ಶರಣನು ಬಿಟ್ಟವನಲ್ಲ; ಡಾಂಭಿಕರಿಗೆ ಅಂಥ ಚಾಟಿ ಬೇಕು. ಆದರೆ ಹೊರಗಿನ ಗಟ್ಟಿತನವೆಲ್ಲ ಡಂಭವೆಂದು ಬಗೆಯುವುದು ಸರಿಯಲ್ಲವೆಂದು ಆ ಹಲ್ಲು ನನಗೆ ಕಲಿಸಿತು. ಒಳಗೆ ಸವೆದ ಮನುಷ್ಯನಿಗೆ ಲಜ್ಜೆ, ಮರ್ಯಾದೆ, ನಾಲ್ವರ ಮುಂದೆ ನೆಟ್ಟಗಿರಬೇಕೆಂಬ ಹಂಬಲ ಇವೇ ಮೇಲ್ಪೊರೆ. ಈ ಮೇಲ್ಪೊರೆಯ ಆಶ್ರಯದಲ್ಲಿಯೇ ಒಳಗಣ ದುರಸ್ತಿ ನಡೆಯಬೇಕು. ಸಂಶಯವನ್ನು ಪರಿಹರಿಸಿಕೊಳ್ಳುವ ಆತುರದಿಂದ ಸಭೆಯ ನಡುವೆ ಸೂಜಿ ಹಾಕಿ ಕೆದಕಿದ ಹಿರಿಯನು, ಮಾಯಬಹುದಾಗಿದ್ದ ಕಲೆಯನ್ನು ಮಾಯದ ಕುಳಿಯನ್ನಾಗಿ ಮಾಡಿ, ತನ್ನ ಸಂಶಯ ನಿಜವಾಯಿತೆಂದು ತಲೆದೂಗುವನು. ನೋಡುವ ಬೆಳಕು ವಾರೆಯಾಗಿರಲಿ, ಕೈ ಹಗುರಾಗಿರಲಿ.

ಮರಳುವಾಗ ಹಾವೇರಿಯಲ್ಲಿ ಕೆಲಸವಿದ್ದುದರಿಂದ, ಅದನ್ನು ತೀರಿಸಿ ಹುಡುಗನನ್ನು ಸಿದ್ಧೇಶ್ವರನ ಗುಡಿಗೆ ಕರೆದೊಯ್ದೆ. ಕಲ್ಯಾಣ ಚಾಲುಕ್ಯರ ಕಾಲದ, ಬಳಪದ ಕಲ್ಲಿನ ಆ ದೇಗುಲ ರೂಢಿಗೆ ವಿಪರೀತವಾಗಿ ಪಶ್ಚಿಮಾಭಿಮುಖವಾಗಿದೆ. ಸಂಜೆಯ ಬಿಸಿಲು ಕಂಬಗಳ ನಡುವೆ ಹಾಯ್ದು ಒಳಕ್ಕೆ ಬೀಳುತ್ತಿತ್ತು. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಪದೇ ಪದೇ ಎದುರಾಗುವ ಒಂದು ಪದಪುಂಜವಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ದೇವರ ಅಂಗಭೋಗಕ್ಕೆ ಇಷ್ಟು, ರಂಗಭೋಗಕ್ಕೆ ಇಷ್ಟು ಎಂದು ಭೂಮಿಯನ್ನು ಬಿಟ್ಟುಕೊಡುವಾಗಲೇ, ಗುಡಿಯಲ್ಲಿ ಮುರಿದುದನ್ನೂ ಬಿರಿದುದನ್ನೂ ಸವೆದುದನ್ನೂ ಎತ್ತಿ ನಿಲ್ಲಿಸುವುದಕ್ಕೆಂದು ದಾತೃವು ಒಂದು ಪಾಲನ್ನು ಸೇರಿಸುತ್ತಿದ್ದನು. ಗೋಡೆ ಇನ್ನೂ ಹೊಸದು, ಉಳಿಯ ಗುರುತು ಮಾಸಿಲ್ಲ. ಆಗಲೇ ಒಡಕಿಗೆ ಉಂಬಳಿ! ಆ ಪ್ರಾಚೀನರು ಬಿರುಕನ್ನು ಅಪಶಕುನವೆಂದು ಭಾವಿಸಲಿಲ್ಲ, ನಿತ್ಯದ ಖರ್ಚೆಂದು ಭಾವಿಸಿದರು. ನಿತ್ಯಕರ್ಮದ ತತ್ತ್ವವೂ ಇದೇ ಅಲ್ಲವೆ? ಸ್ವರ್ಗಾದಿ ಫಲವನ್ನು ಬಯಸಿ ಅದನ್ನು ಮಾಡುವುದಿಲ್ಲ; ಅರಿಯದೆ ಕೂಡಿಬಂದ ದುರಿತದ ಕ್ಷಯಕ್ಕಾಗಿ ಮಾಡುತ್ತೇವೆ; ಮಾಡಿದರೆ ಹೆಚ್ಚಿನದೇನೂ ಕಾಣದು, ಬಿಟ್ಟರೆ ಪ್ರತ್ಯವಾಯ ತಪ್ಪದು. ಹಲ್ಲುಜ್ಜಿದವನಿಗೆ ಯಾರೂ ಬಿರುದು ಕೊಡುವುದಿಲ್ಲ, ಉಜ್ಜದವನನ್ನು ಹಲ್ಲೇ ಶಿಕ್ಷಿಸುತ್ತದೆ. ಕೆಟ್ಟ ಮೇಲೆ ಮಾಡುವ ಮಹಾಪ್ರಾಯಶ್ಚಿತ್ತಕ್ಕಿಂತ, ಕೆಡುವುದು ಸಹಜವೆಂದು ಒಪ್ಪಿ ದಿನವೂ ಎರಡು ಹೊತ್ತು ಮಾಡುವ ಕಿರಿದಾದ ಜೀರ್ಣೋದ್ಧಾರವು ಧರ್ಮಕ್ಕೆ ಹೆಚ್ಚು ಹತ್ತಿರವಾದುದೆಂಬ ನನ್ನ ನಂಬಿಕೆ ಅಂದು ಆ ಕಂಬಗಳ ನಡುವೆ ದೃಢವಾಯಿತು.

ಉಳಿದಿದ್ದ ಆ ಎರಡನೆಯ ಪ್ರಶ್ನೆ ಬಗೆಹರಿದದ್ದು ನಮ್ಮ ಊರ ಜಾತ್ರೆಯಲ್ಲಿ. ವೀರಭದ್ರನ ಪುರವಂತರು ಖಡ್ಗ ಹಿಡಿದು ದಕ್ಷಯಜ್ಞದ ಒಡಪು ಹೇಳುತ್ತಿದ್ದರು. ದಕ್ಷನು ಶಿವನನ್ನು ನಿಂದಿಸುವಾಗ ಹಲ್ಲು ಕಿರಿದು ನಕ್ಕಿದ್ದ ಪೂಷನೆಂಬ ದೇವತೆಯ ಹಲ್ಲುಗಳನ್ನು ಆ ಯಜ್ಞದಲ್ಲಿ ಉದುರಿಸಿದ ಕಥೆ ಭಾಗವತದಲ್ಲಿದೆ. ಶಿವನು ಪ್ರಸನ್ನನಾದ ಮೇಲೆ ದಕ್ಷನಿಗೆ ಆಡಿನ ತಲೆ ಬಂತು. ಪೂಷನಿಗೆ ಹೋದ ಹಲ್ಲು ಬರಲಿಲ್ಲ. ಅವನು ಹಿಟ್ಟನ್ನು ಉಣ್ಣಲಿ, ಯಜಮಾನನ ಹಲ್ಲುಗಳಿಂದ ಅಗಿಯಲಿ ಎಂದಷ್ಟೇ ಅನುಗ್ರಹವಾಯಿತು. ದೇವತೆಗಾದರೂ ಕಳೆದುದು ಮರಳದು, ಅನ್ಯರ ಮುಖಾಂತರ ಉಣ್ಣುವ ಭಾಗ್ಯ ಮಾತ್ರ ದೊರಕೀತು. ನಾನು ಕೆಡಿಸಿದುದನ್ನು ಮೊಮ್ಮಗನು ಅನುಭವಿಸಿದನೆಂಬುದು ನಿಜವಾದರೆ, ಅವನಲ್ಲಿ ತಿದ್ದಿದುದನ್ನು ನಾನು ಅನುಭವಿಸುವೆನೆಂಬುದೂ ನಿಜವಾಗಬೇಡವೆ? ಅಜ್ಜ ಮೊಮ್ಮಕ್ಕಳ ನಡುವಣ ಲೆಕ್ಕ ಒಂದೇ ಖಾತೆಯಲ್ಲಿ ನಡೆಯತಕ್ಕದ್ದು. ಅದರಲ್ಲಿ ಕೃತ ಯಾರದು, ಅಕೃತ ಯಾರದು ಎಂದು ಹೋಳುಮಾಡಲು ಬರುವುದಿಲ್ಲ.

ಅಂದಿನಿಂದ ರಾತ್ರಿ ಅವನು ಹಲ್ಲುಜ್ಜುವಾಗ ನಾನು ಬಚ್ಚಲ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಪೇಟೆಯಿಂದ ಬರುವಾಗ ಕಿಸೆಯಲ್ಲಿ ಹುರಿದ ಶೇಂಗಾ ಇರುತ್ತದೆ. ಎರಡನೆಯ ಸಲ ಹೋದಾಗ ವೈದ್ಯೆ ನೋಡಿ, “ಕಲೆ ಐತ್ರಿ, ರೋಗ ನಿಂತೈತಿ, ಹೊಳಪು ಬಂದೈತಿ ನೋಡ್ರಿ” ಎಂದರು. ಮೊದಲು ಸುಣ್ಣದಂತೆ ಮಂಕಾಗಿದ್ದ ಬೊಟ್ಟು ಈಗ ನುಣುಪಾಗಿ ಮಿನುಗುತ್ತಿತ್ತು, ಆದರೆ ಇತ್ತು. ಅದು ಇರಲಿ.

ನನ್ನ ಬಾಯಲ್ಲಿ ಈಗ ಹಲ್ಲುಗಳಿಲ್ಲ. ಹಾಲಿನಲ್ಲಿ ನೆನೆದ ರೊಟ್ಟಿ, ಜೋಳದ ನುಚ್ಚು, ಇವೇ ನನ್ನ ಆಹಾರ. ಪೂಷನ ಪಂಕ್ತಿಯಲ್ಲಿ ಕುಳಿತವನು ನಾನು. ಪಕ್ಕದ ಎಲೆಯಲ್ಲಿ ಹುಡುಗನು ಕಡಕ್ ರೊಟ್ಟಿಯನ್ನು ಮುರಿದು ಮುಂದಿನ ಹಲ್ಲಿನಿಂದಲೇ ಕಡಿಯುತ್ತಾನೆ. ಆ ಕಟಕಟ ಸದ್ದು ಕೇಳಿಬಂದಾಗ ನನ್ನ ತುತ್ತು ಬಾಯಲ್ಲಿಯೇ ನಿಂತು, ರೊಟ್ಟಿಯ ರುಚಿ ತಿಳಿಯುತ್ತದೆ.